ಬೀಟ್ ಪೊಲೀಸರ ಗಸ್ತು: ರೋಲ್ ಕಾಲ್‌ನಿಂದ ಡ್ಯೂಟಿ ಒಪ್ಪಿಸುವವರೆಗೆ

ತರಬೇತಿ ಶಾಲೆ ಮುಗಿಸಿ ಈಗಷ್ಟೇ ಠಾಣೆಗೆ ಬಂದಿರುವ ಕಾನ್‌ಸ್ಟೆಬಲ್‌ಗಳಿಗೆ, ಮೊದಲ ಸಲ ರಾತ್ರಿ ರೌಂಡ್ಸ್ ಹೊಣೆ ಹೊತ್ತಿರುವ ಎಎಸ್‌ಐ, ಪಿಎಸ್‌ಐಗಳಿಗೆ ಇದನ್ನು ಬರೆಯುತ್ತಿದ್ದೇನೆ. ಕವಾಯತು, ಕಾನೂನು, ಬಂದೂಕು ಎಲ್ಲವನ್ನೂ ಅಲ್ಲಿ ಕಲಿತು ಬಂದಿರುತ್ತೀರಿ. ಆದರೆ ರಾತ್ರಿ ಎರಡೂವರೆಗೆ ಗಲ್ಲಿಯೊಂದರಲ್ಲಿ ಒಬ್ಬರೇ ನಿಂತಾಗ ಮೊದಲು ಎಲ್ಲಿ ಕಣ್ಣು ಹಾಕಬೇಕು ಅನ್ನೋದನ್ನು ಠಾಣೆಯ ಹಳಬರೇ ಹೇಳಿಕೊಡಬೇಕು. ನನಗೆ ಹೇಳಿಕೊಟ್ಟವರು ಒಬ್ಬ ಹೆಡ್ ಕಾನ್‌ಸ್ಟೆಬಲ್. ಅವರಿಂದ ಕಲಿತದ್ದಕ್ಕೆ ಈಗಿನ ಕಾನೂನನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಸಾರ್ವಜನಿಕರೂ ಓದಿ. ನಿಮ್ಮ ಬೀದಿಗೆ ಬರುವ ಪೊಲೀಸರಿಂದ ಏನನ್ನು ಕೇಳಬಹುದು ಅಂತ ನಿಮಗೂ ಗೊತ್ತಾಗುತ್ತದೆ.

ಮೊದಲ ವಾರ: ಬೀಟ್ ಪರಿಚಯ

ನಮ್ಮ ರಾಜ್ಯದಲ್ಲಿ 2017ರಿಂದ ಸುಧಾರಿತ ಬೀಟ್ ವ್ಯವಸ್ಥೆ ಇದೆ. ಠಾಣೆಯ ಸರಹದ್ದನ್ನು ಸಣ್ಣ ಬೀಟುಗಳಾಗಿ ಹಂಚಿ, ಒಂದೊಂದು ಬೀಟನ್ನು ಒಬ್ಬೊಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಹೆಸರಿಗೆ ಕೊಡುತ್ತಾರೆ. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾದ ಮೇಲೆ ಬೀಟ್ ಸಿಬ್ಬಂದಿ ಮನೆ ಬಾಗಿಲಿಗೇ ಹೋಗಿ ಮಾತಾಡಿಸುವುದು ಕೆಲಸದ ಭಾಗವಾಗಿದೆ. ಇದನ್ನು ಸಹಿ ಹಾಕಿಸಿಕೊಂಡು ಬರುವ ಡ್ಯೂಟಿ ಅಂದ್ಕೋಬೇಡಿ. ಮುಂದೆ ಬರುವ ಎಲ್ಲ ರಾತ್ರಿಗಳ ಕೆಲಸ ಇಲ್ಲೇ ಅರ್ಧ ಮುಗಿಯುತ್ತದೆ.

ಮೊದಲ ವಾರ ಬೈಕು ಬಿಟ್ಟು ನಡೆದೇ ಸುತ್ತಿ. ಒಂದು ಸಲ ಬೆಳಗ್ಗೆ, ಒಂದು ಸಲ ಸಂಜೆ, ಒಂದು ಸಲ ನಡುರಾತ್ರಿ. ಒಂದೇ ಬೀದಿ ಮೂರು ಹೊತ್ತಿಗೂ ಬೇರೆ ಬೇರೆ ಥರ ಇರುತ್ತದೆ. ಬ್ಯಾಂಕು, ಎಟಿಎಂ, ಚಿನ್ನದಂಗಡಿ, ಗಿರವಿ ಅಂಗಡಿ, ಗುಜರಿ ಅಂಗಡಿ, ಲಾಡ್ಜ್, ಪಿಜಿ, ಬಾರ್, ಹುಂಡಿ ಇರುವ ದೇವಸ್ಥಾನ, ಹಾಸ್ಟೆಲ್, ಕೆಲಸ ನಿಂತುಹೋದ ಕಟ್ಟಡ: ಇಷ್ಟನ್ನೂ ಬೀಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಗಣಪತಿ ಮೆರವಣಿಗೆ ಯಾವ ರಸ್ತೆಯಲ್ಲಿ ಹೋಗುತ್ತದೆ, ಉರುಸ್ ಎಲ್ಲಿ ನಡೆಯುತ್ತದೆ, ಜಾತ್ರೆ ದಿನ ತೇರು ಎಲ್ಲಿ ತಿರುಗುತ್ತದೆ ಅನ್ನೋದೂ ಅದರಲ್ಲಿ ಇರಲಿ. ರೌಡಿ ಶೀಟರ್‌ಗಳ, ಎಂಓಬಿ ಆಸಾಮಿಗಳ (ಅಪರಾಧ ಮಾಡುವ ರೀತಿಯ ಸಮೇತ ಪೊಲೀಸ್ ದಾಖಲೆಯಲ್ಲಿರುವ ಹಳೇ ಅಪರಾಧಿಗಳ) ಪಟ್ಟಿ ಠಾಣೆಯಲ್ಲೇ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ನೀವೇ ಮಾಡಿಕೊಂಡ ಪಟ್ಟಿ. ಒಂಟಿಯಾಗಿರುವ ಹಿರಿಯರು ಯಾರು, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಯಾವ ದಾರಿಯಲ್ಲಿ ನಡೆಯುತ್ತಾರೆ, ಬೆಳಗಿನ ಜಾವ ಮೊದಲು ಬಾಗಿಲು ತೆಗೆಯುವ ಹಾಲಿನ ಬೂತ್ ಯಾವುದು, ಹೀಗೆ.

ಸಿಸಿಟಿವಿ ಬಗ್ಗೆ ಒಂದು ಮಾತು. ಕ್ಯಾಮೆರಾ ಎಲ್ಲಿದೆ ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ. ದೃಶ್ಯ ದಾಖಲಾಗುವ ಪೆಟ್ಟಿಗೆಯ, ಅಂದರೆ ಡಿವಿಆರ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಅವರ ಮೊಬೈಲ್ ನಂಬರ್ ಏನು, ಎಷ್ಟು ದಿನದ ದೃಶ್ಯ ಉಳಿಯುತ್ತದೆ ಅಂತ ಕೇಳಿ ಬರೆದುಕೊಳ್ಳುವವರು ಕಡಿಮೆ. ಇನ್ನೊಂದಿದೆ. ಡಿವಿಆರ್ ಪರದೆಯ ಗಡಿಯಾರವನ್ನು ನಿಮ್ಮ ಮೊಬೈಲ್ ಗಡಿಯಾರದ ಪಕ್ಕ ಇಟ್ಟು ನೋಡಿ. ಎಷ್ಟೋ ಕಡೆ ಹತ್ತು ನಿಮಿಷ, ಅರ್ಧ ಗಂಟೆ ಹಿಂದೆಮುಂದೆ ಓಡುತ್ತಿರುತ್ತದೆ. ಆ ವ್ಯತ್ಯಾಸ ಪುಸ್ತಕದಲ್ಲಿದ್ದರೆ ಕಳವಾದ ದಿನ ನಾಲ್ಕು ಅಂಗಡಿಯ ದೃಶ್ಯ ಜೋಡಿಸುವಾಗ ತಲೆ ಕೆಡುವುದಿಲ್ಲ.

ಹೊರಡುವ ಮುಂಚೆ

ರೋಲ್ ಕಾಲ್‌ಗೆ ಹತ್ತು ನಿಮಿಷ ಮುಂಚೆಯೇ ಬನ್ನಿ. ಹಿಂದಿನ ದಿನದ ಠಾಣಾ ದಿನಚರಿ ಓದಿ. ನಿಮ್ಮ ಬೀಟಿನಿಂದ ಯಾವ ದೂರು ಬಂದಿದೆ, ಕಳುವಾದ ಬೈಕುಗಳ ನಂಬರ್ ಏನು, ಯಾರ ಮೇಲೆ ವಾರಂಟ್ ಬಾಕಿ ಇದೆ ನೋಡಿಕೊಳ್ಳಿ. ಊರಿಗೆ ಹೋಗಿರುವವರು ತಿಳಿಸಿದ ಬೀಗ ಹಾಕಿದ ಮನೆಗಳ ಪಟ್ಟಿಯನ್ನು ತಪ್ಪದೆ ಜೊತೆಗಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ, ದಸರಾ ರಜೆಯಲ್ಲಿ ಈ ಪಟ್ಟಿ ಉದ್ದವಾಗುತ್ತದೆ.

ಟಾರ್ಚ್, ಲಾಠಿ, ಸೀಟಿ, ವಾಕಿಟಾಕಿ, ರಿಫ್ಲೆಕ್ಟರ್ ಜಾಕೆಟ್, ಪೆನ್ನು, ಜೇಬು ಪುಸ್ತಕ, ಪೂರ್ತಿ ಚಾರ್ಜ್ ಆದ ಮೊಬೈಲ್. ಬಾಡಿ ಕ್ಯಾಮೆರಾ ಕೊಟ್ಟಿದ್ದರೆ ಅದರ ಗಡಿಯಾರ ಸರಿ ಇದೆಯಾ ನೋಡಿ, ಠಾಣೆಯಲ್ಲೇ ಒಮ್ಮೆ ಆನ್ ಮಾಡಿ ಪರೀಕ್ಷಿಸಿ. ಹೊಯ್ಸಳ ಗಸ್ತು ವಾಹನ ಅಥವಾ 112 ತುರ್ತು ಕರೆಯ ವಾಹನದವರಾದರೆ ಡೀಸೆಲ್, ಬ್ರೇಕ್, ಸೈರನ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹಗ್ಗ, ಕೋನ್, ಬೆಂಕಿ ಆರಿಸುವ ಸಿಲಿಂಡರ್ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡಿ. ಹಿಂದಿನ ಪಾಳಿಯವರು ಬಳಸಿದ ಬ್ಯಾಂಡೇಜ್ ವಾಪಸ್ ತುಂಬಿರುವುದಿಲ್ಲ. ಅದು ಗೊತ್ತಾಗುವುದು ರಸ್ತೆಯಲ್ಲಿ ರಕ್ತ ಹರಿಯುತ್ತಿರುವಾಗ.

ರಾತ್ರಿ ಗಸ್ತು: ಕಣ್ಣು, ಕಿವಿ, ಕೈ

ಪ್ರತಿದಿನ ಒಂದೇ ದಾರಿಯಲ್ಲಿ ಒಂದೇ ಹೊತ್ತಿಗೆ ಹೋಗಬೇಡಿ. ಕಳ್ಳನೂ ನಿಮ್ಮ ಸಮಯ ನೋಡಿಕೊಂಡಿರುತ್ತಾನೆ. ಒಂದು ದಿನ ಕೆಳಗಿನ ಬೀದಿಯಿಂದ ಶುರು ಮಾಡಿ, ಇನ್ನೊಂದು ದಿನ ಮೇಲಿನಿಂದ. ಪಾಯಿಂಟ್ (ಗಸ್ತಿನಲ್ಲಿ ಹೋಗಿ ನೋಡಲೇಬೇಕು ಅಂತ ಗೊತ್ತುಮಾಡಿದ ಜಾಗ) ಮುಗಿಸಿ ಹೋದ ಕಡೆಗೆ ಹದಿನೈದು ನಿಮಿಷ ಬಿಟ್ಟು ಮತ್ತೆ ಬನ್ನಿ. ಬೈಕಿನಲ್ಲಿದ್ದರೆ ಬೀದಿ ತುದಿಯಲ್ಲಿ ಇಂಜಿನ್ ಆಫ್ ಮಾಡಿ ಒಂದು ನಿಮಿಷ ಸುಮ್ನೆ ನಿಲ್ಲಿ. ಇಂಜಿನ್ ಸದ್ದಿನಲ್ಲಿ ಶಟರ್ ಮೀಟುವ ಸದ್ದು ಕೇಳಿಸುವುದಿಲ್ಲ. ನಾಯಿಗಳ ಕಡೆ ಗಮನ ಇರಲಿ. ದಿನವೂ ನಿಮ್ಮನ್ನು ನೋಡಿ ಬೊಗಳುವ ನಾಯಿ ಇವತ್ತು ಒಂದೇ ಮನೆಯ ಹಿತ್ತಲಿಗೆ ಮುಖ ಮಾಡಿ ಬೊಗಳುತ್ತಿದ್ದರೆ ಆ ಹಿತ್ತಲನ್ನು ನೋಡಿಯೇ ಮುಂದೆ ಹೋಗಿ.

ಟಾರ್ಚನ್ನು ಎಡಗೈಯಲ್ಲಿ, ಮೈಯಿಂದ ಸ್ವಲ್ಪ ದೂರ ಹಿಡಿಯಿರಿ. ಕತ್ತಲಲ್ಲಿ ಕಲ್ಲು ಬೀಸುವವನು ಬೆಳಕಿಗೇ ಗುರಿ ಇಡುತ್ತಾನೆ. ಬೆಳಕನ್ನು ಮೊದಲು ಬೀಗಕ್ಕೆ ಬಿಡಿ. ನನ್ನ ಹೆಡ್ ಕಾನ್‌ಸ್ಟೆಬಲ್ ಜೊತೆ ಹೋಗುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಅವರು ದಿನಸಿ ಅಂಗಡಿ ಮುಂದೆ ನಿಂತರು. ಶಟರ್ ಮುಚ್ಚಿತ್ತು, ಬೀಗವೂ ಇತ್ತು. ನನಗೇನೂ ಕಾಣಲಿಲ್ಲ. "ಬೀಗ ನೋಡಪ್ಪಾ" ಅಂದರು. ಹಳೇ ಶಟರು, ತುಕ್ಕು ಹಿಡಿದ ಕೊಂಡಿ, ಆದರೆ ಬೀಗ ಮಾತ್ರ ಫಳಫಳ ಹೊಳೆಯುತ್ತಿತ್ತು. ಹಳೇ ಬೀಗ ಒಡೆದು ಹೊಸದನ್ನು ಹೊರಗಿನಿಂದ ಹಾಕಿದ್ದರು. ಒಳಗೊಬ್ಬ ಇದ್ದ, ಹೊರಗಿನವನು ಗಾಡಿ ತರಲು ಹೋಗಿದ್ದ. ಅವರು ಕೂಗಾಡಲಿಲ್ಲ. ಠಾಣೆಗೆ ತಿಳಿಸಿ, ನನ್ನನ್ನು ಹಿಂದಿನ ಓಣಿಗೆ ಕಳಿಸಿ, ತಾವು ಎದುರಿನ ಜಗಲಿಯ ಕತ್ತಲಲ್ಲಿ ಕೂತರು. ಇಪ್ಪತ್ತು ನಿಮಿಷದಲ್ಲಿ ಇಬ್ಬರೂ ಸಿಕ್ಕರು.

ನಿಂತಿರುವ ಕಾರಿನ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಈಗಷ್ಟೇ ಬಂದದ್ದು. ನಂಬರ್ ಬರೆದುಕೊಳ್ಳಿ. ಮನೆ ಮುಂದೆ ಎರಡು ದಿನದ ಪೇಪರ್, ಹಾಲಿನ ಪ್ಯಾಕೆಟ್ ಬಿದ್ದಿದ್ದರೆ ಬೀಗದ ಮನೆ ಪಟ್ಟಿಗೆ ಸೇರಿಸಿ. ಹಿರಿಯರು ಒಂಟಿಯಾಗಿರುವ ಮನೆಯಾದರೆ ಪಕ್ಕದವರನ್ನು ಎಬ್ಬಿಸಿಯಾದರೂ ವಿಚಾರಿಸಿ.

ರಾತ್ರಿ ಓಡಾಡುವವರೆಲ್ಲ ಕಳ್ಳರಲ್ಲ. ಹೂವಿನ ಮಾರ್ಕೆಟ್ಟಿಗೆ ಹೋಗುವವರು, ಪೌರಕಾರ್ಮಿಕರು, ಡೆಲಿವರಿ ಹುಡುಗರು, ಆಸ್ಪತ್ರೆಗೆ ಊಟ ಒಯ್ಯುವವರು ಇರುತ್ತಾರೆ. ತಡೆದಾಗ ಮೊದಲು ನಿಮ್ಮ ಹೆಸರು, ಠಾಣೆ ಹೇಳಿ. "ಎಲ್ಲಿಂದ ಬರ್ತಿದ್ದೀರಿ? ಎಲ್ಲಿಗೆ ಹೋಗ್ತಿದ್ದೀರಿ?" ಅಂತ ಕೇಳಿ. ಏಕವಚನ ಬೇಡವೇ ಬೇಡ. ಉತ್ತರ ತಾಳೆಯಾದರೆ "ಹೋಗಿಬನ್ನಿ" ಅಂದು ಬಿಡಿ. ತಾಳೆಯಾಗದಿದ್ದರೆ, ಕೈಯಲ್ಲಿ ಕಬ್ಬಿಣದ ರಾಡು, ಮುಖಕ್ಕೆ ಬಟ್ಟೆ, ಕತ್ತಲಲ್ಲಿ ಅವಿತು ಕೂತದ್ದು ಇಂಥ ಕಾರಣ ಇದ್ದರೆ ಕ್ರಮ ತೆಗೆದುಕೊಳ್ಳಲು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 96 ಇದೆ. ಆದರೆ ಆ ಕಾರಣವನ್ನು ನೀವು ಬರೆದು ತೋರಿಸಬೇಕು. 'ಅನುಮಾನಾಸ್ಪದವಾಗಿ ಕಂಡಿದ್ದರಿಂದ' ಅನ್ನುವ ಒಂದೇ ಸಾಲು ಸಾಕಾಗುವುದಿಲ್ಲ. ಅವನು ಏನು ಮಾಡುತ್ತಿದ್ದ, ನಿಮ್ಮನ್ನು ಕಂಡು ಏನು ಮಾಡಿದ, ಕೇಳಿದ್ದಕ್ಕೆ ಏನು ಹೇಳಿದ ಅಂತ ಬರೆಯಿರಿ.

ವಾಹನ ತಡೆಯುವಾಗ

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಪುಟ್ಟ ಮಗುವನ್ನು ಹೆತ್ತವರು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ಮಗು ರಸ್ತೆಗೆ ಬಿದ್ದು ಸತ್ತಿತು. ಈ ಕೆಲಸ ಮಾಡುವ ಯಾರೂ ಅದನ್ನು ಮರೆಯಬಾರದು.

ತಿರುವಿನಲ್ಲಿ, ಇಳಿಜಾರಿನಲ್ಲಿ, ಮರದ ಹಿಂದೆ ನಿಲ್ಲಬೇಡಿ. ದೂರದಿಂದಲೇ ಕಾಣುವ, ಬೆಳಕಿರುವ ನೇರ ರಸ್ತೆ ಆರಿಸಿ. ಬ್ಯಾರಿಕೇಡ್, ಕೋನ್ ಇಟ್ಟು ಮೊದಲು ವೇಗ ತಗ್ಗಿಸಿ, ಆಮೇಲೆ ಕೈ ತೋರಿಸಿ. ಓಡುತ್ತಿರುವ ಬೈಕಿಗೆ ಅಡ್ಡ ಹಾರುವುದು, ಹಿಂದೆ ಕೂತವರ ಕೈ ಹಿಡಿದು ಎಳೆಯುವುದು, ಕೀ ಕಿತ್ತುಕೊಳ್ಳುವುದು ಬೇಡ. ನಿಲ್ಲದೆ ಹೋದರೆ ನಂಬರ್ ಬರೆದುಕೊಂಡು ಮುಂದಿನ ಪಾಯಿಂಟಿಗೆ ವಾಕಿಟಾಕಿಯಲ್ಲಿ ತಿಳಿಸಿ. ದಂಡದ ನೋಟಿಸ್ ಮನೆಗೆ ಹೋಗುತ್ತದೆ, ಅದಕ್ಕಾಗಿ ಬೆನ್ನಟ್ಟಬೇಕಿಲ್ಲ. ನಿಲ್ಲಿಸಿದ ಗಾಡಿಯಲ್ಲಿ ಮಗು, ಗರ್ಭಿಣಿ, ರೋಗಿ ಇದ್ದರೆ ಕಾಗದಪತ್ರ ಕೇಳದೆ ಬಿಡಿ. ಬೇಕಿದ್ದರೆ ನೀವೇ ದಾರಿ ಮಾಡಿಕೊಡಿ.

112ರಿಂದ ಕರೆ ಬಂದಾಗ

ವಾಹನದ ಟ್ಯಾಬ್‌ಗೆ ದೂರು ಬಂದ ತಕ್ಷಣ ಒಪ್ಪಿಕೊಂಡು, ದಾರಿಯಲ್ಲೇ ದೂರುದಾರರಿಗೆ ಫೋನ್ ಮಾಡಿ. "ಹೊರಟಿದ್ದೀವಿ, ಇಷ್ಟು ನಿಮಿಷದಲ್ಲಿ ಬರ್ತೀವಿ" ಅನ್ನುವ ಒಂದು ಮಾತಿಗೆ ಅಲ್ಲಿ ಅರ್ಧ ಗಲಾಟೆ ತಣ್ಣಗಾಗುತ್ತದೆ. ಆಯುಧ ಇದೆಯಾ, ಯಾರಿಗಾದರೂ ಗಾಯ ಆಗಿದೆಯಾ, ಮಕ್ಕಳು ಎಲ್ಲಿದ್ದಾರೆ, ಈ ಮೂರನ್ನು ಕೇಳಿ. ಗಾಯ ಆಗಿದ್ದರೆ ನೀವು ತಲುಪುವ ಮುಂಚೆಯೇ 108ಕ್ಕೆ ಹೇಳಿಸಿ.

ಸೈರನ್ ದೂರದಲ್ಲೇ ನಿಲ್ಲಿಸಿ. ಜೀಪನ್ನು ಮನೆಯ ಎದುರಿಗೇ ತಂದು ನಿಲ್ಲಿಸದೆ ಸ್ವಲ್ಪ ಹಿಂದೆ, ವಾಪಸ್ ಹೊರಡಲು ಆಗುವಂತೆ ಮುಖ ತಿರುಗಿಸಿ ನಿಲ್ಲಿಸಿ. ಬಾಗಿಲಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು ತಟ್ಟಿ. ಒಬ್ಬರು ಮಾತಾಡಿ, ಇನ್ನೊಬ್ಬರು ಸುತ್ತ ನೋಡುತ್ತಿರಿ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಗಂಡ ಹೆಂಡತಿ ಜಗಳದ ಕರೆಗೆ. 'ಮನೆ ಜಗಳ' ಅಂತ ಬರೆದು ಮುಗಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ದಯವಿಟ್ಟು ಅದನ್ನು ಬಿಡಿ. ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ. ಅಡುಗೆಮನೆಯಲ್ಲಿ ಕೂರಿಸಬೇಡಿ, ಚಾಕು, ಕುಕ್ಕರು ಅಲ್ಲೇ ಕೈಗೆ ಸಿಗುತ್ತವೆ. ಹೆಂಡತಿಯ ಮಾತನ್ನು ಗಂಡನ, ಅತ್ತೆಯ ಕಣ್ಣೆದುರು ಕೇಳಬೇಡಿ. ಮಹಿಳಾ ಸಿಬ್ಬಂದಿಯನ್ನು ಕರೆಸಿ. "ಏನಿಲ್ಲ ಸಾರ್, ಹೋಗಿ" ಅಂತ ಬಾಗಿಲ ಸಂದಿಯಿಂದ ಹೇಳಿದರೂ ಕರೆ ಮಾಡಿದವರನ್ನು ಕಣ್ಣಾರೆ ನೋಡದೆ ವಾಪಸ್ ಬರಬೇಡಿ. ಗಾಯ ಇದ್ದರೆ ಆಸ್ಪತ್ರೆಗೆ, ದೂರು ಇದ್ದರೆ ಠಾಣೆಗೆ. 181 ಮಹಿಳಾ ಸಹಾಯವಾಣಿಯ ನಂಬರನ್ನು ಅವರ ಕೈಗೆ ಬರೆದುಕೊಡಿ.

ಅಪಘಾತದ ಕರೆಯಾದರೆ ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ತಡೆಯುವಂತೆ ಜೀಪ್ ನಿಲ್ಲಿಸಿ, ಕೋನ್ ಇಡಿ, ಆಮೇಲೆ ಗಾಯಾಳು. ಗಾಡಿ ಸರಿಸುವ ಮುಂಚೆ ಚಕ್ರಗಳ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಗಾಯಾಳುವನ್ನು ಎತ್ತಿಕೊಂಡು ಬಂದವರ ಹೆಸರು, ವಿಳಾಸಕ್ಕೆ ಒತ್ತಾಯ ಮಾಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 134ಎ ಅಂಥವರಿಗೆ ರಕ್ಷಣೆ ಕೊಟ್ಟಿದೆ. ಕೈಮುಗಿದು ಕಳಿಸಿ.

ಕಳವಿನ ಅಥವಾ ಸಾವಿನ ಜಾಗಕ್ಕೆ ಮೊದಲು ತಲುಪುವವರು ಬಹುಪಾಲು ಬೀಟಿನವರೇ. ಜೀವ ಇದೆಯಾ ನೋಡಿ, ಇದ್ದರೆ ಉಳಿದದ್ದೆಲ್ಲ ಆಮೇಲೆ. ಇಲ್ಲದಿದ್ದರೆ ಏನನ್ನೂ ಮುಟ್ಟಬೇಡಿ. ಒಳಹೋಗಲು ಒಂದೇ ದಾರಿ ಗೊತ್ತುಮಾಡಿ, ಎಲ್ಲರೂ ಅದರಲ್ಲೇ ಓಡಾಡಲಿ. ಫ್ಯಾನ್ ತಿರುಗುತ್ತಿತ್ತಾ, ದೀಪ ಉರಿಯುತ್ತಿತ್ತಾ, ಚಿಲಕ ಒಳಗಿತ್ತಾ ಹೊರಗಿತ್ತಾ, ಯಾವ ವಾಸನೆ ಬಂತು ಅಂತ ಆಗಲೇ ಬರೆಯಿರಿ. ನಿಮ್ಮ ನಂತರ ಯಾರ್ಯಾರು ಒಳಗೆ ಬಂದರು ಅನ್ನೋದನ್ನೂ ಬರೆಯಿರಿ, ಅದು ಮೇಲಧಿಕಾರಿಯಾದರೂ ಸರಿ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಬರಬೇಕು ಅನ್ನುತ್ತದೆ ಹೊಸ ಕಾನೂನು. ಅವರು ಬರುವವರೆಗೆ ಆ ಜಾಗ ಕಾಯುವ ಹೊಣೆ ನಿಮ್ಮದು.

ಹಿಡಿದ ಮೇಲೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಕಲಂ ನಂಬರ್ ಬದಲಾಗಿವೆ, ಜವಾಬ್ದಾರಿ ಹೆಚ್ಚಾಗಿದೆ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಕಲಂ 35ರಲ್ಲಿದೆ. ಬಂಧನ ಬೇಕಿಲ್ಲದ ಕಡೆ ನೋಟಿಸ್ ಕೊಡಬೇಕು ಅನ್ನೋದೂ ಅದೇ ಕಲಮಿನಲ್ಲಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ 60 ದಾಟಿದವರನ್ನೋ ಅಶಕ್ತರನ್ನೋ ಬಂಧಿಸಬೇಕಾದರೆ ಡಿವೈಎಸ್‌ಪಿ ಅನುಮತಿ ಬೇಕು.

ಬಂಧಿಸುವಾಗ ಎದೆಯ ಮೇಲೆ ನಿಮ್ಮ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೋ ಅಲ್ಲೇ ಬರೆದು, ಮನೆಯವರ ಅಥವಾ ಆ ಜಾಗದ ಒಬ್ಬರ ಸಾಕ್ಷಿ ಸಹಿ ಮತ್ತು ಬಂಧಿತರ ಸಹಿ ಪಡೆಯಬೇಕು. ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದ್ದನ್ನು ನ್ಯಾಯಾಲಯಗಳು ಈಗ ಒಪ್ಪುತ್ತಿಲ್ಲ. ಮನೆಯವರಿಗೆ ಫೋನ್ ಮಾಡಿ, ಯಾರಿಗೆ, ಎಷ್ಟು ಹೊತ್ತಿಗೆ ಹೇಳಿದಿರಿ ಅಂತ ಠಾಣೆಯ ಪುಸ್ತಕದಲ್ಲಿ ಬರೆಯಿರಿ. ವೈದ್ಯಕೀಯ ತಪಾಸಣೆ ಮಾಡಿಸಿ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಗತ್ಯವಿದ್ದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಶೋಧ, ಜಪ್ತಿ ಮಾಡಿದರೆ ಕಲಂ 105ರಂತೆ ಪೂರ್ತಿ ವಿಡಿಯೋ ಆಗಬೇಕು. ಸಿಕ್ಕ ಮೇಲೆ ಶುರು ಮಾಡಬೇಡಿ, ಬಾಗಿಲು ದಾಟುವ ಮುಂಚೆಯೇ ರೆಕಾರ್ಡಿಂಗ್ ಶುರುವಾಗಿರಲಿ.

ಹದಿನೆಂಟು ತುಂಬದ ಹುಡುಗ ಸಿಕ್ಕಿಬಿದ್ದರೆ ಲಾಕಪ್ಪೂ ಇಲ್ಲ, ಕೈಕೋಳವೂ ಇಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಿ, ಹೆತ್ತವರಿಗೆ ತಿಳಿಸಿ. ದಿಕ್ಕಿಲ್ಲದೆ ಅಲೆಯುವ ಮಾನಸಿಕ ಅಸ್ವಸ್ಥರನ್ನು 'ಹುಚ್ಚ' ಅಂತ ಮುಂದಿನ ಠಾಣೆಯ ಗಡಿ ದಾಟಿಸಿ ಬರುವುದು ಇನ್ನೂ ಕೆಲವು ಕಡೆ ನಡೆಯುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಕಲಂ 100ರ ಪ್ರಕಾರ ಅವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು ನಾವೇ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಯಾರೋ ಎಲ್ಲೋ ಅವರನ್ನು ಹುಡುಕುತ್ತಿರುತ್ತಾರೆ.

ಮೇಲ್ವಿಚಾರಕರಿಗೆ

ಸೇವೆಗೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಚಳಿಗಾಲದ ರಾತ್ರಿ, ಮೈಯಲ್ಲಿ ಜ್ವರ. ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತು ಇಡೀ ರಾತ್ರಿಯ ಭೇಟಿಗಳನ್ನು ಒಂದೇ ಸಲಕ್ಕೆ ಬೀಟ್ ಪುಸ್ತಕದಲ್ಲಿ ಬರೆದುಬಿಟ್ಟೆ. ಅವತ್ತೇ ನನ್ನ ಬೀಟಿನಲ್ಲಿ ಒಬ್ಬ ಅಜ್ಜಿಯ ಮನೆ ಬಾಗಿಲು ಮುರಿದರು. ನಾನು '3.10, ಎಲ್ಲಾ ಕ್ಷೇಮ' ಅಂತ ಬರೆದಿದ್ದ ಬೀದಿಯದು. ಬೆಳಗ್ಗೆ ಎಎಸ್‌ಐ ಸಾಹೇಬರು ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಆ ಅಜ್ಜಿಯ ಮುಂದೆ ಕೂರಿಸಿದರು. "ನೀವು ಬರ್ತೀರಿ ಅಂತ ಧೈರ್ಯವಾಗಿ ಮಲಗಿದ್ದೆ ಕಣಪ್ಪಾ" ಅಂದರು ಅಜ್ಜಿ. ಆಮೇಲೆ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: "ಜ್ವರ ಇದೆ ಅಂತ ಯಾಕೆ ಹೇಳಲಿಲ್ಲ?" ಹೇಳಿದರೆ ಕೇಳುವವರು ಇರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಮೇಲ್ವಿಚಾರಕರ ಮೊದಲ ಕೆಲಸ ರೋಲ್ ಕಾಲ್‌ನಲ್ಲಿ ಮುಖ ನೋಡುವುದು. ಹಗಲು ಬಂದೋಬಸ್ತ್ ಮಾಡಿದವರನ್ನೇ ರಾತ್ರಿ ಬೀಟಿಗೆ ಹಾಕಿದ್ದೀರಾ? ಹುಷಾರಿಲ್ಲದವರು ಯಾರು? ಯಾರಿಗೆ ಮನೆಯಲ್ಲಿ ಪುಟ್ಟ ಮಗು? ಹೊಸಬರನ್ನು ಅನುಭವಿ ಹೆಡ್ ಕಾನ್‌ಸ್ಟೆಬಲ್ ಜೊತೆ ಹಾಕಿ. 'ಗಸ್ತು ಹೆಚ್ಚಿಸಿ' ಅಂತ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಎರಡನೇ ಕ್ರಾಸಿನ ಹಿಂದಿನ ಖಾಲಿ ಸೈಟು, ಒಂದರಿಂದ ಮೂರರೊಳಗೆ ಎರಡು ಸಲ" ಅಂದರೆ ತಿಳಿಯುತ್ತದೆ.

ಬಹಳ ಠಾಣೆಗಳಲ್ಲಿ ಈಗ ಪಾಯಿಂಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೊತ್ತು ತಾನೇ ದಾಖಲಾಗುತ್ತದೆ. ಒಳ್ಳೆಯದೇ. ಆದರೆ ಸಿಬ್ಬಂದಿ ಅಲ್ಲಿ ಹೋದರು ಅಂತಷ್ಟೇ ಆ್ಯಪ್ ಹೇಳುತ್ತದೆ, ಏನು ನೋಡಿದರು ಅಂತ ಹೇಳುವುದಿಲ್ಲ. ನೀವೇ ಆ ಹೊತ್ತಿಗೆ ಬೀಟಿಗೆ ಹೋಗಿ, "ಇವತ್ತು ಈ ಬೀದೀಲಿ ಹೊಸದೇನು ಕಂಡಿತು?" ಅಂತ ಕೇಳಿ. ಪುಸ್ತಕದಲ್ಲಿ ಸಹಿಯ ಪಕ್ಕ ಹೊತ್ತು ಬರೆಯಿರಿ. ಒಂದು ಫ್ಲಾಸ್ಕ್ ಟೀ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ರಾತ್ರಿ ಠಾಣೆಗೆ ಮರಳಿದಾಗ ಲಾಕಪ್ಪಿಗೆ ನೀವೇ ಹೋಗಿ. ಒಳಗಿರುವವರ ಸಂಖ್ಯೆ ಎಣಿಸಿ, ಹೆಸರು ಹಿಡಿದು ಮಾತಾಡಿಸಿ, ಮೈಮೇಲೆ ಗಾಯ ಇದೆಯಾ, ಊಟ ಆಯಿತಾ, ಮಾತ್ರೆ ಬೇಕಾ ಕೇಳಿ. ದಾಖಲೆಯಲ್ಲಿ ಇಲ್ಲದ ಒಬ್ಬನೇ ಒಬ್ಬ ಅಲ್ಲಿದ್ದರೂ ಆ ಕ್ಷಣವೇ ಅದನ್ನು ಸರಿಮಾಡುವುದು ನಿಮ್ಮ ಹೊಣೆ. ಬೀಟಿನಲ್ಲಿ ಯಾರಾದರೂ ಲಾಠಿ ಬೀಸಿದ್ದರೆ ಕಾರಣವನ್ನು ಅವತ್ತೇ ಕೇಳಿ ಬರೆಸಿ. ದೂರು ಕೊಡಲು ಬಂದವರನ್ನು 'ನಮ್ಮ ಸರಹದ್ದಲ್ಲ' ಅಂತ ವಾಪಸ್ ಕಳಿಸಿದ್ದರೆ ಕರೆಸಿ. ಬಿಎನ್‌ಎಸ್‌ಎಸ್ ಕಲಂ 173ರಂತೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಡ್ಯೂಟಿ ಒಪ್ಪಿಸುವಾಗ

ಬೆಳಗ್ಗೆ ಕಣ್ಣು ಎಳೆಯುತ್ತಿರುತ್ತದೆ, ಮನೆ ನೆನಪಾಗುತ್ತಿರುತ್ತದೆ. ಆದರೂ ಹತ್ತು ನಿಮಿಷ ಕೂತು ಬರೆಯಿರಿ. 112ರ ಪ್ರತಿ ಕರೆಗೂ ಏನು ಕ್ರಮ ಆಯಿತು ಅಂತ ಟ್ಯಾಬ್‌ನಲ್ಲಿ ಮುಗಿಸಿ. ಠಾಣಾ ದಿನಚರಿಗೆ ಹೋಗಬೇಕಾದದ್ದನ್ನು ಠಾಣಾ ಬರಹಗಾರರಿಗೆ ಕೊಡಿ. ಕೆಟ್ಟುಹೋದ ಬೀದಿದೀಪದ ಕಂಬದ ನಂಬರ್, ತೆರೆದಿರುವ ಮ್ಯಾನ್‌ಹೋಲ್ ಬಗ್ಗೆಯೂ ಬರೆಯಿರಿ. ಹಗಲಿನ ಬೀಟಿನವರಿಗೆ ಬಾಯಲ್ಲೂ ಹೇಳಿ: "ಮೂರನೇ ಕ್ರಾಸಿನ ಹಸಿರು ಗೇಟಿನ ಮನೆ ಮುಂದೆ ಹಾಲಿನ ಪ್ಯಾಕೆಟ್ ನಿನ್ನೇದು ಹಾಗೇ ಇದೆ. ಅಮ್ಮ ಒಬ್ಬರೇ ಇರೋದು. ರಾತ್ರಿ ಕಿಟಕಿಯಿಂದ ಕರೆದಾಗ ಮಾತಾಡಿದರು, ಕಾಲು ನೋವಂತೆ. ಮೊದಲು ಅಲ್ಲಿಗೆ ಹೋಗಿಬನ್ನಿ."